ಎರಡನೇ ರೈಡರ್ ಎಲ್ಲಿದ್ದಾನೆ?

ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದ ಸಂಜೆ ನಮ್ಮ ತೆಂಗಿನ ಸೀಮೆಯ ಯಾವ ಊರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ಬಿಳಿಗೆರೆಯಾಗಲಿ, ತುರುವೇಕೆರೆ ಕಡೆಯ ಹಳ್ಳಿಯಾಗಲಿ, ಕಬಡ್ಡಿಯಲ್ಲಿ ಸೋತು ಬಂದ ಹುಡುಗರು ಬಸ್ಸಿನಿಂದ ಇಳಿಯುತ್ತಲೇ ಹೇಳುವುದು ಅದನ್ನೇ: “ಅವನು ಔಟಾಗಿಬಿಟ್ಟ, ಅದಕ್ಕೇ ಸೋತ್ವಿ.”

‘ಅವನು’ ಎಂದರೆ ತಂಡದ ಒಳ್ಳೆಯ ರೈಡರ್. ಹದಿನೈದು ಸಲ ಎದುರಾಳಿಗಳ ಅಂಕಣಕ್ಕೆ ಹೋಗಿ ಬಂದವನು, ಕೊನೆಯ ಸಲ ಕಾಲು ಸಿಕ್ಕಿಸಿಕೊಂಡವನು. ಮಾರನೇ ದಿನ ಶಾಲೆಯಲ್ಲಿ ಅವನು ತಲೆ ತಗ್ಗಿಸಿ ಓಡಾಡುತ್ತಾನೆ. ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕುಳಿತ ತಾತ ಈ ಮಾತು ಕೇಳಿಸಿಕೊಂಡರೆ ಒಂದು ಪ್ರಶ್ನೆ ಕೇಳಬೇಕು: “ಅವನು ಔಟಾಗಿ ಹೊರಗೆ ಕೂತಿದ್ದಾಗ ರೈಡಿಗೆ ಹೋದವರು ಯಾರಪ್ಪ?” ಅನೇಕ ಸಲ ಉತ್ತರ ಬರುವುದಿಲ್ಲ. ಸೋಲಿನ ಕಾರಣ ಇರುವುದು ಆ ಮೌನದಲ್ಲೇ.

ಇದು ಶಾಲೆಯ ತಂಡಗಳ ಕಥೆ ಮಾತ್ರವಲ್ಲ. ನಮ್ಮ ಬೆಂಗಳೂರು ಬುಲ್ಸ್ ತಂಡದ ಕಥೆಯೂ ಹೌದು.

2019ರ ಜನವರಿ 5ರ ರಾತ್ರಿ ಮುಂಬೈಯಲ್ಲಿ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ಫೈನಲ್ ನಡೆಯಿತು. ಗುಜರಾತ್ ವಿರುದ್ಧ ಬುಲ್ಸ್ ಮೊದಲರ್ಧದಲ್ಲಿ 9–16ರಿಂದ ಹಿಂದಿತ್ತು. ಆಮೇಲೆ ಪವನ್ ಸೆಹ್ರಾವತ್ ಎಂಬ ಹುಡುಗ ಬಿಟ್ಟ ಬಾಣದ ಹಾಗೆ ನುಗ್ಗಿದ. ಅವನೊಬ್ಬನೇ ಗಳಿಸಿದ್ದು 22 ಅಂಕ. ಬುಲ್ಸ್ 38–33ರಿಂದ ಗೆದ್ದು ಮೊದಲ ಸಲ ಚಾಂಪಿಯನ್ ಆಯಿತು. ಅದೇ ವರ್ಷದ ಅಕ್ಟೋಬರ್ 2ರಂದು ಹರಿಯಾಣ ತಂಡದ ಮೇಲೆ ಪವನ್ ಒಂದೇ ಪಂದ್ಯದಲ್ಲಿ 39 ಅಂಕ ತಂದ. ಆಗ ಟಿ.ವಿ. ಮುಂದೆ ಕುಳಿತಿದ್ದ ಮಕ್ಕಳೆಲ್ಲ ಪವನನಂತೆ ಜಿಗಿಯಲು ಹೋಗಿ ಮೊಣಕಾಲು ತರಚಿಕೊಂಡಿರಬೇಕು.

ಆದರೆ ಆ ಆರನೇ ಆವೃತ್ತಿಯಲ್ಲಿ ಪವನನ ಪಕ್ಕದಲ್ಲಿ ನಾಯಕ ರೋಹಿತ್ ಕುಮಾರ್ ಇದ್ದ ಎಂಬುದನ್ನು ನಾವು ಮರೆಯುತ್ತೇವೆ. ರೈಡಿಂಗಿನಲ್ಲಿ ಅವನೂ ನೂರಕ್ಕಿಂತ ಹೆಚ್ಚು ಅಂಕ ಗಳಿಸಿದ್ದ. ಪವನ್ ಸಿಕ್ಕಿಬಿದ್ದರೆ ಎದುರಾಳಿಗಳು ಉಸ್ಸೆಂದು ಕೂರುವ ಹಾಗಿರಲಿಲ್ಲ.

ಈಗ 2024ಕ್ಕೆ ಬನ್ನಿ. ಹನ್ನೊಂದನೇ ಆವೃತ್ತಿ. ಪವನ್ ಬೇರೆ ತಂಡಕ್ಕೆ ಹೋಗಿ ಆಗಲೇ ಎರಡು ಆವೃತ್ತಿ ಕಳೆದಿದ್ದವು. ಬುಲ್ಸ್ ತಂಡಕ್ಕೆ ಈ ಸಲ ಬಂದವನು ಪರ್ದೀಪ್ ನರ್ವಾಲ್. ಎದುರಾಳಿಗಳು ಕೈ ಕೈ ಹಿಡಿದ ಸರಪಳಿಯ ಕೆಳಗೆ ತಲೆ ಬಗ್ಗಿಸಿ ನುಸುಳುವ ‘ದುಬ್ಕಿ’ಗೆ ಹೆಸರಾದವನು, ಪಟ್ನಾ ತಂಡದ ಜೊತೆ ಸತತ ಮೂರು ಸಲ ಪ್ರಶಸ್ತಿ ಎತ್ತಿದವನು, ಪ್ರೊ ಕಬಡ್ಡಿಯಲ್ಲಿ ಎಲ್ಲರಿಗಿಂತ ಹೆಚ್ಚು ರೈಡ್ ಅಂಕ ಗಳಿಸಿದವನು. ಇನ್ನೇನು ಬೇಕು ಎಂದುಕೊಂಡೆವು. ಆದದ್ದೇನು? 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ.

ಪರ್ದೀಪನಿಗೆ ಮೊದಲಿನ ಬಿರುಸು ಇರಲಿಲ್ಲ, ನಿಜ. ಹಾಗೆಂದು ಒಬ್ಬನಿಂದ ಒಂದು ತಂಡ ಅಷ್ಟು ಕೆಳಗೆ ಇಳಿಯುವುದಿಲ್ಲ. ಹೇಗೆ ಇಳಿಯುತ್ತದೆ ಎಂದು ತಿಳಿಯಬೇಕಾದರೆ ಕಬಡ್ಡಿಯ ಒಂದು ನಿಯಮವನ್ನು ಬಿಡಿಸಿ ನೋಡಬೇಕು. ಹಿಂದಿನ ಕಾಲದಲ್ಲಿ ಗದ್ದೆಯ ಮಣ್ಣಿನಲ್ಲಿ ಆಡಿದ ಅಜ್ಜಂದಿರಿಗೆ ಇದು ಗೊತ್ತಿರುವುದೇ, ಮೊಮ್ಮಕ್ಕಳಿಗಾಗಿ ಇನ್ನೊಂದು ಸಲ.

ಔಟಾದ ಆಟಗಾರ ತಾನಾಗಿ ಒಳಗೆ ಬರುವಂತಿಲ್ಲ. ಅವನ ತಂಡದವರು ಎದುರಾಳಿಗಳಲ್ಲಿ ಒಬ್ಬರನ್ನು ಔಟ್ ಮಾಡಿದರೆ ಇವರಲ್ಲಿ ಒಬ್ಬನಿಗೆ ಜೀವ ಬರುತ್ತದೆ. ಒಂದು ರೈಡಿಗೆ 30 ಸೆಕೆಂಡು. ಒಂದು ಸಲ ಇವರು, ಒಂದು ಸಲ ಅವರು. ಅಂದರೆ ನಿಮ್ಮ ಸರದಿ ಬರುವುದು ಹೆಚ್ಚು ಕಡಿಮೆ ನಿಮಿಷಕ್ಕೊಮ್ಮೆ. ಮುಖ್ಯ ರೈಡರ್ ಔಟಾದ ಮೇಲೆ ಎರಡನೆಯವನು ಹೆದರಿ, ಮುಟ್ಟದೆ ಬರಿಗೈಯಲ್ಲಿ ಬಂದ. ಮುಂದಿನ ಸಲವೂ ಬರಿಗೈ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. ನಾವು ‘ಮಾಡು ಇಲ್ಲವೆ ಮಡಿ’ ಎನ್ನೋಣ. ಅಂಕ ತರದಿದ್ದರೆ ರೈಡರೇ ಔಟು. ಎದುರಾಳಿಗಳಿಗೆ ಇದು ಗೊತ್ತು, ಬಲೆ ಬೀಸಿ ಕಾಯುತ್ತಾರೆ. ಅವನೂ ಬಿದ್ದ. ಈಗ ಹೊರಗೆ ಇಬ್ಬರು. ಆಮೇಲೆ ಅಭ್ಯಾಸವೇ ಇಲ್ಲದ ಕಾರ್ನರಿನ ಹುಡುಗ ರೈಡಿಗೆ ಹೋಗುತ್ತಾನೆ. ಹೀಗೆ ಏಳೂ ಜನ ಖಾಲಿಯಾದರೆ ಆಲೌಟ್, ಎದುರಾಳಿಗಳಿಗೆ ಮತ್ತೆ ಎರಡು ಅಂಕ ಉಡುಗೊರೆ. ಇಷ್ಟು ಹೊತ್ತೂ ನಿಮ್ಮ ಹೀರೋ ಹೊರಗೆ ಕುಳಿತು ಉಗುರು ಕಚ್ಚುತ್ತಿರುತ್ತಾನೆ. ನಲವತ್ತು ನಿಮಿಷದ ಆಟದಲ್ಲಿ ಅವನು ಹೀಗೆ ನಾಲ್ಕೈದು ಸಲ ಕುಳಿತರೆ, ಅರ್ಧ ಆಟ ಅವನಿಲ್ಲದೇ ನಡೆದ ಹಾಗೆ.

ಬೋನಸ್ ವಿಷಯದಲ್ಲಿ ಮಕ್ಕಳು ಮೋಸ ಹೋಗುವುದು ಇಲ್ಲೇ. ಎದುರು ಆರು ಅಥವಾ ಏಳು ಜನ ಇದ್ದಾಗ ಬೋನಸ್ ಗೆರೆ ದಾಟಿ ಕಾಲಿಟ್ಟು ಬಂದರೆ ಒಂದು ಅಂಕ ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಆದರೆ ಬೋನಸ್ ಅಂಕದಿಂದ ಹೊರಗೆ ಕುಳಿತವನಿಗೆ ಜೀವ ಬರುವುದಿಲ್ಲ. ಮುಖ್ಯ ರೈಡರ್ ಹೊರಗಿದ್ದಾಗ ಒಂದು ಬೋನಸ್ಸಿಗಿಂತ, ಎದುರಾಳಿಯ ಬೆರಳ ತುದಿ ಮುಟ್ಟಿ ಬಂದ ಒಂದು ಅಂಕಕ್ಕೆ ಬೆಲೆ ಹೆಚ್ಚು. ಫಲಕದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಷ್ಟೆ.

ಅವನನ್ನು ಒಳಗೆ ತರುವ ಇನ್ನೊಂದು ದಾರಿ ನಮ್ಮ ಅಂಕಣದಲ್ಲೇ ಇದೆ. ಎದುರಾಳಿ ರೈಡರನ್ನು ಹಿಡಿದು ಕೆಡವಿದರೂ ಒಬ್ಬನಿಗೆ ಜೀವ. ಕಾರ್ನರಿನವನು ಕಣಕಾಲು ಹಿಡಿದ, ಕವರಿನವನು ಸೊಂಟ ತಬ್ಬಿದ, ಮುಖ್ಯ ರೈಡರ್ ಎದ್ದು ಒಳಗೆ ಬಂದ. ಅಮೆರಿಕದವರು ಆಡುವ ಫುಟ್‌ಬಾಲಿನಲ್ಲಿ ಇಂಥ ಐದು ಜನ ಧಡಿಯರು ಇರುತ್ತಾರೆ. ಚೆಂಡು ಹಿಡಿದು ಓಡುವುದು ಅವರ ಕೆಲಸವಲ್ಲ. ಚೆಂಡು ಎಸೆಯುವವನ ಮುಂದೆ ಗೋಡೆಯಂತೆ ನಿಂತು, ನುಗ್ಗಿ ಬರುವವರನ್ನು ತಡೆಯುವುದಷ್ಟೇ ಅವರ ಕೆಲಸ. ಆ ಐವರಲ್ಲಿ ಒಬ್ಬ ಹೆಜ್ಜೆ ತಪ್ಪಿದರೂ ಎಸೆಯುವವನು ನೆಲಕ್ಕೆ. ಪತ್ರಿಕೆಯಲ್ಲಿ ಫೋಟೋ ಬರುವುದು ಮಾತ್ರ ಎಸೆದವನದು. ಅಲ್ಲಿಯೂ ತಂಡ ಸೋತರೆ ಬೈಗುಳ ಮೊದಲು ಅವನಿಗೇ.

ಮತ್ತೆ ಬುಲ್ಸ್ ಕಡೆಗೆ ಬರೋಣ. 2025ರ ಹನ್ನೆರಡನೇ ಆವೃತ್ತಿಗೆ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. 2001ರ ಅರ್ಜುನ ಪ್ರಶಸ್ತಿ ಪಡೆದವರು, ಬಂಗಾಳ ಮತ್ತು ಪುಣೆ ತಂಡಗಳು ಚಾಂಪಿಯನ್ ಆದಾಗ ಕೋಚ್ ಆಗಿದ್ದವರು. ಮೊದಲ ಮೂರು ಪಂದ್ಯಗಳಲ್ಲಿ ಮೂರೂ ಸೋಲು. ‘ಈ ಸಲವೂ ಇಷ್ಟೇ’ ಎಂದು ಟಿ.ವಿ. ಆರಿಸಿದವರು ಬಹಳ ಜನ, ಈ ಲೇಖನ ಬರೆಯುತ್ತಿರುವವನೂ ಅವರಲ್ಲಿ ಒಬ್ಬ. ಆಮೇಲೆ ತಂಡ ಕಚ್ಚಿಕೊಂಡು ನಿಂತಿತು. ಇರಾನಿನಿಂದ ಬಂದ ಅಲಿರೇಜಾ ಮಿರ್ಜಾಯಿಯಾನ್ ರೈಡಿಂಗಿನ ಭಾರ ಹೊತ್ತ. ಹಿಂದೆ ಯೋಗೇಶ್, ದೀಪಕ್ ಶಂಕರ್ ಮುಂತಾದ ಹುಡುಗರ ಹಿಡಿತ ಗಟ್ಟಿಯಾಯಿತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಲೀಗ್ ಹಂತ ಮುಗಿದಾಗ ಮೂರನೇ ಸ್ಥಾನದಲ್ಲಿತ್ತು. ಕಪ್ ಸಿಗಲಿಲ್ಲ, ಅದು ದೆಹಲಿಗೆ ಹೋಯಿತು. (ಇರಾನಿನವರಿಗೆ ಕಬಡ್ಡಿ ಬರುತ್ತದೆಯೇ ಎಂದು ಕೇಳುವ ಅಜ್ಜಿಯರಿಗೆ ಒಂದು ಮಾತು: 2018ರ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಭಾರತದ ಗಂಡಸರ ತಂಡವನ್ನು 27–18ರಿಂದ ಸೋಲಿಸಿದವರು ಅವರೇ.)

ಹಾಗಾದರೆ ನಮ್ಮ ಶಾಲೆಯ ತಂಡ ಏನು ಮಾಡಬೇಕು? ದುಡ್ಡು ಕೊಟ್ಟು ಇರಾನಿನಿಂದ ಯಾರನ್ನೂ ತರುವ ಹಾಗಿಲ್ಲ. ಇರುವ ಹನ್ನೆರಡು ಮಕ್ಕಳಲ್ಲೇ ಎರಡನೇ ರೈಡರನ್ನು ಹುಡುಕಬೇಕು.

ನನಗೆ ತೋಚುವ ಮೊದಲ ಉಪಾಯ ಸ್ವಲ್ಪ ಕಠಿಣವಾದದ್ದು. ಅಭ್ಯಾಸದ ಆಟದಲ್ಲಿ ಒಳ್ಳೆಯ ರೈಡರನ್ನು ಹತ್ತು ನಿಮಿಷ ಬೇಕೆಂದೇ ಹೊರಗೆ ಕೂರಿಸಿ. ಅವನು ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ. ಉಳಿದವರು ಅವನಿಗೆ ಜೀವ ತರಬೇಕು, ಅದೇ ಆಟ. ಎಷ್ಟು ರೈಡಿನಲ್ಲಿ ತಂದರು ಎಂದು ಎಣಿಸಿ. ಮೊದಲ ವಾರ ಆರು ರೈಡ್ ಹಿಡಿದರೆ, ತಿಂಗಳ ಕೊನೆಗೆ ಮೂರಕ್ಕೆ ಇಳಿಯುತ್ತದೆಯೇ ನೋಡಿ. ಈ ಹತ್ತು ನಿಮಿಷದಲ್ಲಿ ಎರಡನೆಯವನಿಗೆ ಸಿಗುವ ಧೈರ್ಯ ಭಾಷಣದಿಂದ ಸಿಗುವುದಿಲ್ಲ.

ಎರಡನೆಯವನನ್ನು ಆರಿಸುವಾಗಲೂ ಒಂದು ಜಾಣತನ ಬೇಕು. ಮುಖ್ಯ ರೈಡರ್ ಯಾವಾಗಲೂ ಬಲಗಡೆಯಿಂದ ನುಗ್ಗುವವನಾದರೆ ಇನ್ನೊಬ್ಬ ಎಡಗಡೆಯಿಂದ ನುಗ್ಗುವವನಿರಲಿ. ಇಬ್ಬರೂ ಒಂದೇ ಕಡೆಯವರಾದರೆ ಎದುರಾಳಿಗಳು ತಮ್ಮ ಗಟ್ಟಿ ಕಾರ್ನರನ್ನು ಅಲ್ಲಿಯೇ ನಿಲ್ಲಿಸಿ ಆರಾಮಾಗಿರುತ್ತಾರೆ. ಎರಡನೆಯವನು ಜಿಗಿಯುವ ಹೀರೋ ಆಗಬೇಕಿಲ್ಲ. ಉಸಿರು ಕಟ್ಟದೆ ಮೂವತ್ತು ಸೆಕೆಂಡು ‘ಕಬಡ್ಡಿ ಕಬಡ್ಡಿ’ ಎನ್ನುತ್ತ, ಬಾಕ್ ಗೆರೆ ದಾಟಿ, ಯಾರ ಕಾಲು ಮುಂದೆ ಬಂದಿದೆ ಎಂದು ನೋಡಿ, ಹೆಬ್ಬೆರಳಿನಿಂದ ಮುಟ್ಟಿ ಹಿಂದೆ ಸರಿಯುವ ತಾಳ್ಮೆಯವನಿರಬೇಕು. ಅನೇಕ ಸಲ ಅಂಥವನು ತಂಡದ ಮೂಲೆಯಲ್ಲಿ ಸದ್ದಿಲ್ಲದೆ ನಿಂತಿರುತ್ತಾನೆ. ಹುಡುಗಿಯರ ತಂಡಕ್ಕೂ ಇದೇ ಮಾತು.

ಎದುರು ಮೂವರೇ ಉಳಿದಾಗ ಆತುರ ಬೇಡ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಸೇರಿ ರೈಡರನ್ನು ಹಿಡಿದರೆ ಅವರಿಗೆ ಎರಡು ಅಂಕ, ಅದನ್ನೇ ‘ಸೂಪರ್ ಟ್ಯಾಕಲ್’ ಎನ್ನುವುದು. ಗೆದ್ದೇಬಿಟ್ಟೆವು ಎಂದು ನುಗ್ಗಿದ ತಂಡ ಸೋತದ್ದನ್ನು ಎಷ್ಟು ಸಲ ನೋಡಿಲ್ಲ!

ಇದೆಲ್ಲ ಒಂದು ವಾರದಲ್ಲಿ ಆಗುವ ಕೆಲಸವಲ್ಲ. ಅಟ್ಟಕ್ಕೆ ಹಾಕಿದ ಕಾಯಿಯನ್ನು ಎರಡು ತಿಂಗಳಿಗೇ ಅಲುಗಾಡಿಸಿದರೆ ನೀರಿನ ಸದ್ದೇ ಕೇಳುತ್ತದೆ. ಒಳಗಿನ ಗಿಟುಕು ಬಿಟ್ಟು ಗುಡುಗುಡು ಎನ್ನಲು ಹೆಚ್ಚು ಕಡಿಮೆ ವರ್ಷವೇ ಬೇಕು. ಹಾಗಾಗಿ ಕ್ರೀಡಾಕೂಟಕ್ಕೆ ಹದಿನೈದು ದಿನ ಇರುವಾಗ ಅಲ್ಲ, ಜೂನಿನಲ್ಲಿ ಶಾಲೆ ತೆರೆದ ವಾರವೇ ಶುರು ಮಾಡಬೇಕು.

ಆಡುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ದೊಡ್ಡವರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದ್ದು 12ಕ್ಕೆ 8. ನಮ್ಮ ತೋಟಗಳಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ, ಅಂದರೆ ಸುಮಾರು 9 ಮೀಟರ್. ಸಾಲುಗಳ ನಡುವೆ ಚಿಕ್ಕ ಅಂಕಣ ಸರಿಯಾಗಿ ಕೂರುತ್ತದಲ್ಲ ಎಂದು ಮಕ್ಕಳಿಗೆ ಆಸೆಯಾಗುವುದು ಸಹಜ. ಆದರೆ ಎರಡೂ ಕಡೆ ಉಳಿಯುವುದು ಒಂದು ಮೊಳ ಜಾಗ. ಮೂವರು ಸೇರಿ ಹೊರಕ್ಕೆ ತಳ್ಳಿದರೆ ರೈಡರಿನ ಭುಜ ಬಡಿಯುವುದು ಮರದ ಬುಡಕ್ಕೆ. ಮೇಲಿಂದ ಗರಿಯೋ ಕಾಯೋ ಬಿದ್ದರೆ ಇನ್ನೂ ಕಷ್ಟ. ಶಾಲೆಯ ಬಯಲು, ಇಲ್ಲವೆ ಕೊಯ್ಲು ಮುಗಿದ ಹೊಲವನ್ನು ಕಲ್ಲು ಆಯ್ದು, ಮಣ್ಣು ಸಡಿಲ ಮಾಡಿ ಬಳಸಿ.

ಕೊನೆಯದು ತಾತಂದಿರ ಪಾಲಿನ ಕೆಲಸ. ಮುಂದಿನ ಪಂದ್ಯಕ್ಕೆ ಹೋಗುವಾಗ ಒಂದು ಹಳೆಯ ನೋಟ್‌ಬುಕ್ಕು, ಒಂದು ಪೆನ್ಸಿಲು ಜೇಬಿನಲ್ಲಿರಲಿ. ಅಂಕ ಬರೆಯಲು ಬೇರೆಯವರಿದ್ದಾರೆ. ನೀವು ಬರೆಯಬೇಕಾದದ್ದು ಮೂರೇ ಸಾಲು: ಮುಖ್ಯ ರೈಡರ್ ಹೊರಗೆ ಕುಳಿತದ್ದು ಒಟ್ಟು ಎಷ್ಟು ನಿಮಿಷ, ಆ ಹೊತ್ತಿನಲ್ಲಿ ಖಾಲಿ ಹೋದ ರೈಡ್ ಎಷ್ಟು, ಅವನಿಗೆ ಜೀವ ತಂದುಕೊಟ್ಟವರು ಯಾರು. ಮನೆಗೆ ಬಂದು ರಾತ್ರಿ ಊಟಕ್ಕೆ ಕೂತಾಗ, ಆ ಮೂರನೇ ಸಾಲಿನಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದಿ.