ಪುಟದ ರೂಪ ಯಾರ ಪಾಲಿಗೆ?

ವೆಬ್ ಪುಟ ವಿನ್ಯಾಸದ ಆನ್‌ಲೈನ್ ಕೋರ್ಸಿಗೆ ಪಠ್ಯಕ್ರಮ ಬರೆಯಲು ಕೂತ ಮೇಷ್ಟ್ರುಗಳ ನಡುವೆ ಮೊದಲ ವಾದ ಏಳುವುದೇ ಎಲ್ಲಿಂದ ಶುರು ಮಾಡುವುದು ಎಂಬುದರ ಮೇಲೆ. ಬಣ್ಣ, ಚಿತ್ರ, ಚಂದದ ಅಕ್ಷರ ತೋರಿಸದಿದ್ದರೆ ಎರಡನೇ ವಾರಕ್ಕೇ ವಿದ್ಯಾರ್ಥಿಗಳು ಲಾಗಿನ್ ಆಗುವುದನ್ನು ಬಿಡುತ್ತಾರೆ ಎನ್ನುತ್ತಾರೆ ಕೆಲವರು. ಮೊದಲು ಪುಟದ ತಿರುಳನ್ನು ಕಟ್ಟುವ ಎಚ್‌ಟಿಎಂಎಲ್ ಗಟ್ಟಿಯಾಗಲಿ, ಅದಕ್ಕೆ ರೂಪ ಕೊಡುವ ಸಿಎಸ್‌ಎಸ್ ಆಮೇಲೆ ಎನ್ನುತ್ತಾರೆ ಉಳಿದವರು. ಸಿಎಸ್‌ಎಸ್ ಹುಟ್ಟಿದ್ದೇ ಇಂಥದೊಂದು ಜಗಳದಲ್ಲಿ. ಆ ಕತೆ ತಿಳಿದರೆ ಈ ವಾದವೂ ಬೇಗ ಮುಗಿದೀತು.

ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 1990ರಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರ್ ಬರೆದಾಗ ಪುಟದ ರೂಪದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇದು ಶೀರ್ಷಿಕೆ, ಇದು ಪಟ್ಟಿ, ಇದು ಕೊಂಡಿ ಎಂದಷ್ಟೇ ಎಚ್‌ಟಿಎಂಎಲ್ ಹೇಳುತ್ತಿತ್ತು. ಅವು ಹೇಗೆ ಕಾಣಬೇಕೆಂಬುದು ಬ್ರೌಸರಿಗೆ ಬಿಟ್ಟ ವಿಷಯ. ಭೌತವಿಜ್ಞಾನಿಗಳಿಗೆ ಅಷ್ಟು ಸಾಕಿತ್ತು. 1993ರಲ್ಲಿ ಮೊಸಾಯಿಕ್ ಬ್ರೌಸರ್ ಬಂದು, ಬರಹದ ನಡುವೆಯೇ ಚಿತ್ರಗಳು ಕಾಣತೊಡಗಿ, ಪತ್ರಿಕೆಯವರೂ ಕಂಪನಿಯವರೂ ವೆಬ್ಬಿಗೆ ಕಾಲಿಟ್ಟರು. ಅಚ್ಚಿನ ಪುಟದಲ್ಲಿ ಕೂದಲೆಳೆಯಷ್ಟು ಜಾಗವನ್ನೂ ಅಳೆದು ರೂಢಿಯಾದವರು ಅವರು. ನಮ್ಮ ಪುಟ ನಾವು ಹೇಳಿದಂತೆ ಕಾಣಬೇಕು ಎಂದು ಪಟ್ಟು ಹಿಡಿದರು.

ಸುಲಭದ ದಾರಿಯೊಂದಿತ್ತು. ಎಚ್‌ಟಿಎಂಎಲ್ ಒಳಗೇ ಬಣ್ಣಕ್ಕೊಂದು ಟ್ಯಾಗ್, ಅಕ್ಷರದ ಗಾತ್ರಕ್ಕೊಂದು ಟ್ಯಾಗ್ ತುರುಕುವುದು. ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಅದೇ ದಾರಿ ಹಿಡಿಯಿತು.

ಬೇರೆ ದಾರಿ ಹುಡುಕಿದವನು ನಾರ್ವೆಯ ಹೋಕನ್ ವಿಯುಮ್ ಲೀ. ಸರ್ನ್‌ಗೆ ಬರುವ ಮುಂಚೆ ಈತ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಒಬ್ಬೊಬ್ಬ ಓದುಗನಿಗೂ ಅವನವನ ಇಷ್ಟದಂತೆ ಪುಟ ಕಟ್ಟಿಕೊಡುವ ಪತ್ರಿಕೆಯ ಮೇಲೆ ಕೆಲಸ ಮಾಡಿದ್ದ. ಹಾಗಾಗಿ ಬರೆದವನ ಜೊತೆಗೆ ಓದುವವನೂ ಅವನ ಕಣ್ಣ ಮುಂದಿದ್ದ. 1994ರ ಅಕ್ಟೋಬರ್ 10ರಂದು ಲೀ ತನ್ನ ಸಿಎಸ್‌ಎಸ್ ಪ್ರಸ್ತಾವವನ್ನು ಹೊರಗಿಟ್ಟ. ಅದಾದ ಮೂರೇ ದಿನಕ್ಕೆ ನೆಟ್‌ಸ್ಕೇಪ್ ತನ್ನ ಮೊದಲ ಬ್ರೌಸರನ್ನು ಪ್ರಕಟಿಸಿತು.

ರೂಪದ ನಿಯಮಗಳನ್ನು ಪುಟದಿಂದ ಹೊರಗೆ ಬರೆಯಬೇಕೆಂದು ಆಗ ಇನ್ನೂ ಕೆಲವರು ಹೇಳುತ್ತಿದ್ದರು. ಲೀ ಕಂಡುಕೊಂಡ ಹೊಸ ಸಂಗತಿ ಬೇರೆ: ಆ ನಿಯಮಗಳು ಒಬ್ಬರ ಸ್ವತ್ತಾಗಬೇಕಿಲ್ಲ. ಅವನ ಮೊದಲ ಕರಡಿನಲ್ಲಿ ಪ್ರತಿ ನಿಯಮದ ಬದಿಗೂ ಶೇಕಡಾವಾರು ಹಕ್ಕು ನಮೂದಿಸುವ ವ್ಯವಸ್ಥೆಯಿತ್ತು. ಎರಡನೇ ಹಂತದ ಶೀರ್ಷಿಕೆಯ ಅಕ್ಷರ 20 ಪಾಯಿಂಟ್ ಇರಲಿ, ಅದರ ಮೇಲೆ ನನ್ನ ಹಕ್ಕು 40% ಎಂದು ಒಬ್ಬರು ಬರೆದರೆ, ಉಳಿದ 60% ಮುಂದಿನವರಿಗೆ. ಅಣ್ಣತಮ್ಮಂದಿರ ಪಾಲುಪಟ್ಟಿಯಂತೆ, ಓದುಗನಿಗಿಷ್ಟು, ಲೇಖಕನಿಗಿಷ್ಟು. ಪಾಪ, ಅಕ್ಷರದ ಗಾತ್ರದಲ್ಲಾದರೆ ಲೆಕ್ಕ ಕೂಡಬಹುದು. ಅಕ್ಷರಶೈಲಿಯನ್ನು 40% ಪಾಲು ಮಾಡುವುದು ಹೇಗೆ? ಮುಂದೆ ಶೇಕಡಾ ಹೋಯಿತು. ಯಾರ ಮಾತು ಯಾರ ಮಾತನ್ನು ಮೀರುತ್ತದೆ ಎಂಬ ಸರದಿ ಬಂತು. ಆದರೆ ಪಾಲುದಾರಿಕೆ ಉಳಿಯಿತು.

ನೆದರ್ಲೆಂಡ್ಸಿನ ಬರ್ಟ್ ಬಾಸ್ ಆಗ ಆರ್ಗೋ ಎಂಬ ತನ್ನದೇ ಬ್ರೌಸರ್ ಕಟ್ಟುತ್ತಿದ್ದ. ಅದರಲ್ಲೂ ಇಂಥದೇ ನಿಯಮಗಳಿದ್ದವು. ಅವನು ಲೀ ಜೊತೆ ಸೇರಿದ. 1996ರ ಡಿಸೆಂಬರ್ 17ರಂದು ಸಿಎಸ್‌ಎಸ್‌ನ ಮೊದಲ ಆವೃತ್ತಿಯನ್ನು ವೆಬ್ ಒಕ್ಕೂಟ ಅಂಗೀಕರಿಸಿತು. ಜಗಳ ಆಗಲೂ ಪೂರ್ತಿ ಮುಗಿಯಲಿಲ್ಲ. ಲೇಖಕನೂ ಓದುಗನೂ ಒಂದೇ ನಿಯಮಕ್ಕೆ 'ಇದು ಮುಖ್ಯ' ಎಂದು ಗುರುತು ಹಾಕಿದರೆ ಮೊದಲ ಆವೃತ್ತಿಯಲ್ಲಿ ಗೆಲ್ಲುತ್ತಿದ್ದವನು ಲೇಖಕ. 1998ರ ಎರಡನೇ ಆವೃತ್ತಿ ಅದನ್ನು ತಿರುಗಿಸಿತು. ಕಣ್ಣು ಮಂದವಾದವರು ಅಕ್ಷರ ದೊಡ್ಡದಾಗಲಿ ಎಂದು ತಮ್ಮ ಬ್ರೌಸರಿನಲ್ಲಿ ಆ ಗುರುತು ಹಾಕಿ ಬರೆದಿಟ್ಟರೆ ಯಾವ ವಿನ್ಯಾಸಕಾರನೂ ಅದನ್ನು ಅಡ್ಡಹಾಯುವಂತಿಲ್ಲ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ತೀರ್ಮಾನ ಇದೇ, ತರಗತಿಗಳಲ್ಲಿ ಯಾರೂ ಹೇಳದಿರುವುದೂ ಇದೇ.

ಬ್ರೌಸರುಗಳು ಸಿಎಸ್‌ಎಸ್ಸನ್ನು ನೆಟ್ಟಗೆ ಅರ್ಥ ಮಾಡಿಕೊಳ್ಳಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ವಿನ್ಯಾಸಕಾರರು ಕೋಷ್ಟಕದೊಳಗೆ ಕೋಷ್ಟಕ ಹೆಣೆದು, ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ಲಿನ ಚಿತ್ರವನ್ನು ಎಳೆದು ಜಾಗ ತುಂಬಿಸಿ ದಿನ ದೂಡಿದರು.

ರೂಪವನ್ನೂ ತಿರುಳನ್ನೂ ಬೆರೆಸಿದರೆ ಏನಾಗುತ್ತದೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಅನೇಕ ಕನ್ನಡ ತಾಣಗಳಲ್ಲಿ ಕಡತದೊಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಇಲ್ಲ, ಬರೀ ಕಲಸುಮೇಲೋಗರ. ಹುಡುಕಾಟಕ್ಕೂ ಸಿಗದು. ಅಂಥ ಎಷ್ಟೋ ಬರಹಗಳನ್ನು ಮತ್ತೆ ಯೂನಿಕೋಡಿಗೆ ಪರಿವರ್ತಿಸಬೇಕಾಯಿತು.

2003ರ ಮೇ ತಿಂಗಳಲ್ಲಿ ಕೆನಡಾದ ಡೇವ್ ಶೇ 'ಸಿಎಸ್‌ಎಸ್ ಝೆನ್ ಗಾರ್ಡನ್' ಎಂಬ ತಾಣ ತೆರೆದ. ಅಲ್ಲಿದ್ದದ್ದು ಒಂದೇ ಎಚ್‌ಟಿಎಂಎಲ್ ಕಡತ. ಅದರ ಒಂದಕ್ಷರವನ್ನೂ ಮುಟ್ಟದೆ, ಸಿಎಸ್‌ಎಸ್ ಒಂದನ್ನೇ ಬದಲಿಸಿ ಬೇರೆ ಪುಟ ಮಾಡಿ ಕಳಿಸಿ ಎಂದು ವಿನ್ಯಾಸಕಾರರಿಗೆ ಆಹ್ವಾನ. ಬಂದ ಪುಟಗಳು ಒಂದರಂತೆ ಒಂದಿಲ್ಲ. ಲೀ 1994ರಲ್ಲಿ ಕಾಗದದ ಮೇಲೆ ವಾದಿಸಿದ್ದನ್ನು ಇದು ಕಣ್ಣಾರೆ ತೋರಿಸಿತು.

ಆನ್‌ಲೈನ್ ಕೋರ್ಸಿಗೆ ಇದಕ್ಕಿಂತ ಒಳ್ಳೆಯ ಅಸೈನ್‌ಮೆಂಟ್ ನನಗೆ ಗೊತ್ತಿಲ್ಲ. ಮೊದಲ ವಾರಗಳಲ್ಲಿ ಬಣ್ಣವಿಲ್ಲದ, ಬರೀ ಎಚ್‌ಟಿಎಂಎಲ್ ಪುಟಗಳನ್ನೇ ಬರೆಸಿ. ಆಮೇಲೆ ಶಿವಮೊಗ್ಗದ ವಿದ್ಯಾರ್ಥಿನಿಯ ಪುಟವನ್ನು ರಾಯಚೂರಿನವನಿಗೆ ಕಳಿಸಿ, ಅಕ್ಷರ ಮುಟ್ಟದೆ ರೂಪ ಕೊಡಲು ಹೇಳಿ. ಎಚ್‌ಟಿಎಂಎಲ್ ಸರಿಯಾಗಿ ಕಟ್ಟದಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಮೇಷ್ಟ್ರು ಹೇಳುವ ಅಗತ್ಯವೇ ಬೀಳದು. ಕೊನೆಗೆ ಫೋನಿನ ಅಕ್ಷರವನ್ನು ಇಮ್ಮಡಿ ಮಾಡಿ ಅದೇ ಪುಟವನ್ನು ತೆರೆಸಿ. ಆಗಲೂ ಓದಲು ಬಂದರೆ ಮಾತ್ರ ಅಂಕ ಕೊಡಿ.