ಶುಗರ್ ತೊಡೆಗೂ ಬರುತ್ತೆ, ತಲೆಗೂ

ಒಂದೊಂದು ಅಂಕಿಗೆ ಒಂದೊಂದು ಗುರುತು. ಸಾಲಾಗಿ ಅಚ್ಚಾದ ಅಂಕಿಗಳ ಕೆಳಗೆ ಅವುಗಳ ಗುರುತು ಬರೆಯುತ್ತ ಹೋಗಬೇಕು, ಸಮಯ 90 ಸೆಕೆಂಡು. ಬುದ್ಧಿಗಿಂತ ಚುರುಕು ಕೇಳುವ ಆಟವಿದು. ಅಮೆರಿಕದ ನಾಲ್ಕು ಪ್ರದೇಶಗಳ 13,000ಕ್ಕೂ ಹೆಚ್ಚು ನಡುವಯಸ್ಸಿನವರನ್ನು 1990ರ ದಶಕದ ಆರಂಭದಲ್ಲಿ 'ಆರಿಕ್' ಅಧ್ಯಯನದವರು ಇಂಥ ಪರೀಕ್ಷೆಗೆ ಕೂರಿಸಿದರು. ಹತ್ತು ಪದ ಕೊಟ್ಟು, ಐದು ನಿಮಿಷ ಬಿಟ್ಟು ಎಷ್ಟು ನೆನಪಿದೆ ಎಂದೂ ಕೇಳಿದರು. 2014ರಲ್ಲಿ ಫಲಿತಾಂಶ ಹೊರಬಂತು: ಇಪ್ಪತ್ತು ವರ್ಷಗಳಲ್ಲಿ ಮಧುಮೇಹಿಗಳ ಅಂಕ ಉಳಿದವರಿಗಿಂತ ಶೇ 19ರಷ್ಟು ಹೆಚ್ಚು ಕುಸಿದಿತ್ತು. ಸುಮಾರು ಐದು ವರ್ಷ ಬೇಗ ಮುಪ್ಪಾದ ಲೆಕ್ಕ. 'ಬಾರ್ಡರ್‌ನಲ್ಲಿದೆ ಅಷ್ಟೇ' ಎಂದುಕೊಳ್ಳುವವರಿಗೂ ಪೂರ್ತಿ ಮಾಫಿ ಸಿಗಲಿಲ್ಲ.

ಲಂಡನ್ನಿನ ಸರ್ಕಾರಿ ನೌಕರರ ಮೇಲಿನ ವೈಟ್‌ಹಾಲ್ ಅಧ್ಯಯನ 2021ರಲ್ಲಿ ಇನ್ನೊಂದು ಎಳೆ ಬಿಡಿಸಿತು. ಎಪ್ಪತ್ತು ತುಂಬುವಾಗ ಹತ್ತು ವರ್ಷಕ್ಕೂ ಹಳೆಯ ಶುಗರ್ ಇದ್ದವರಿಗೆ ಡಿಮೆನ್ಷಿಯಾದ ಅಪಾಯ ಎರಡು ಪಟ್ಟು. ಅರವತ್ತೈದರ ಮೇಲೆ ಬಂದವರಲ್ಲಿ ಹೇಳಿಕೊಳ್ಳುವಂಥ ಹೆಚ್ಚಳವಿಲ್ಲ. ಕಾಯಿಲೆ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ದೊಡ್ಡ ಪ್ರಶ್ನೆ. ನಲವತ್ತಕ್ಕೇ ಮಾತ್ರೆ ಶುರುವಾಗುವ ನಮ್ಮ ಮನೆಗಳಿಗೆ ಇದು ಸಣ್ಣ ಸುದ್ದಿಯಲ್ಲ.

ಮರೆವನ್ನಾದರೂ ಮನೆಯವರು ಗಮನಿಸುತ್ತಾರೆ, ತೊಡೆಯನ್ನು ಕೇಳುವವರಿಲ್ಲ. ಉಂಡ ಸಕ್ಕರೆಯ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಮಾಂಸಖಂಡವೇ. ಇನ್ಸುಲಿನ್ ಮಾತು ಅದಕ್ಕೆ ನಾಟದಂತಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಖಂಡದ ಕಸುವೂ ಇಳಿಯುತ್ತದೆ. ನೋಡಲು ತೊಡೆ ದಪ್ಪವೇ ಇರಬಹುದು, ಬಲ ಇರುವುದಿಲ್ಲ. ಜೊತೆಗೆ ಪಾದ ಜೋಮು ಹಿಡಿದರೆ ನಡಿಗೆ ನಿಧಾನ. ಪಂಕ್ತಿಯಲ್ಲಿ ಉಂಡು ಏಳುವಾಗ ಪಕ್ಕದವರ ಭುಜಕ್ಕೆ ಕೈ ಹೋದರೆ ಗುಟ್ಟು ರಟ್ಟಾಗುತ್ತಿತ್ತು. ಛತ್ರಗಳಿಗೆ ಟೇಬಲ್ ಬಂದು ಆ ಪರೀಕ್ಷೆಯೂ ತಪ್ಪಿತು! ವಾರಕ್ಕೆರಡು ದಿನ ಭಾರ ಎತ್ತುವ, ಕೂತು ಏಳುವ ವ್ಯಾಯಾಮವನ್ನು ವಾಕಿಂಗ್ ಜೊತೆ ಸೇರಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ನಮ್ಮವರು ವಾಕಿಂಗ್ ಮುಗಿಸಿ ಹೋಟೆಲ್ ಕಾಫಿಗೆ ನಿಲ್ಲುತ್ತಾರೆ.

ಹಾಗೆಂದು ಶುಗರನ್ನು ಎಷ್ಟು ಇಳಿಸಿದರೂ ಒಳ್ಳೆಯದೇ ಎಂದಲ್ಲ. ಅಮೆರಿಕ, ಕೆನಡಾಗಳ 'ಅಕಾರ್ಡ್' ಪ್ರಯೋಗದಲ್ಲಿ ವಿಪರೀತ ಬಿಗಿ ಹಿಡಿದ ಗುಂಪಿನಲ್ಲಿ ಸಾವು ಹೆಚ್ಚಿ, 2008ರಲ್ಲಿ ಆ ಚಿಕಿತ್ಸೆಯನ್ನೇ ನಿಲ್ಲಿಸಿದರು. ನೆನಪಿನ ಶಕ್ತಿಗೂ ಅದರಿಂದ ಲಾಭ ಕಾಣಲಿಲ್ಲ. ಪದೇ ಪದೇ ಲೋ ಶುಗರ್ ಆಗುವುದು ಮಿದುಳಿಗೆ ಒಳ್ಳೆಯದಲ್ಲ.

ಶುಗರ್‌ಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಅದರಲ್ಲೂ ಸಸ್ಯಾಹಾರಿಗಳು, ವೈದ್ಯರನ್ನು ಬಿ12 ಬಗ್ಗೆ ಕೇಳಬೇಕು. ಅದು ಕಡಿಮೆಯಾದರೂ ಪಾದ ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ. ದೂರು ಮಾತ್ರ ಶುಗರ್ ಮೇಲೆ, ಇಲ್ಲವೇ ವಯಸ್ಸಿನ ಮೇಲೆ. ಒಂದು ರಕ್ತಪರೀಕ್ಷೆ ಸಾಕು. ಬೇಗ ಕಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ.