ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ತರ್ಕವನ್ನು ಅಭ್ಯಸಿಸುವಾಗ, ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲನೆಯದೆಂದು ನಾವು ಕಲಿತೆವು. ನಮ್ಮ ಹಿರಿಯರ ಗಾದೆಯಾದರೋ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ. ಕಣ್ಣಾರೆ ಕಂಡದ್ದನ್ನು ಮತ್ತೇಕೆ ಪ್ರಮಾಣಿಸಬೇಕು? ಈ ಪ್ರಶ್ನೆಗೆ ನಮಗೆ ಉತ್ತರ ದೊರೆತದ್ದು ಅರವತ್ತು ದಾಟಿದ ಮೇಲೆ, ಕಣ್ಣಿನ ಆಸ್ಪತ್ರೆಯ ಕತ್ತಲೆಯ ಕೋಣೆಯಲ್ಲಿ.

ಗ್ಲಾಕೋಮಾ ಎಂಬ ರೋಗದಲ್ಲಿ ಕಣ್ಣಿನ ನರವು ಮೆಲ್ಲಮೆಲ್ಲನೆ ಕ್ಷಯಿಸುತ್ತದೆ. ಸಾಮಾನ್ಯವಾಗಿ ಮೊದಲು ಕುಂದುವುದು ಅಂಚಿನ ನೋಟವಾದ್ದರಿಂದ ರೋಗಿಗೆ ಅದು ಬೇಗ ತಿಳಿಯುವುದಿಲ್ಲ. ಆ ಶಂಕೆಯಿಂದ ವೈದ್ಯರು ನಮಗೆ ಫೀಲ್ಡ್ ಟೆಸ್ಟ್ ಮಾಡಿಸಿದರು. ಬೋಗುಣಿಯಂತಹ ಯಂತ್ರದೊಳಗೆ ನೆಟ್ಟ ನೋಟದಿಂದ ಕುಳಿತು, ಅಲ್ಲಲ್ಲಿ ಮಿನುಗುವ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಕುರುಡರಾದೆವೆಂದಾರು ಎಂಬ ಅಂಜಿಕೆಯಿಂದ ನಾವು ಸಂಶಯ ಬಂದಾಗಲೂ ಒತ್ತಿದೆವು. ಪರೀಕ್ಷೆ ಮುಗಿದ ಮೇಲೆ ಅಲ್ಲಿದ್ದ ಹುಡುಗಿ ವಿನಯದಿಂದಲೇ ಹೇಳಿದಳು: "ಬೆಳಕು ಇಲ್ಲದಾಗಲೂ ಒತ್ತಿದ್ದೀರಿ. ಇನ್ನೊಮ್ಮೆ ಮಾಡಬೇಕಾಗುತ್ತದೆ." ಜೀವಮಾನವಿಡೀ ಸತ್ಯವನ್ನು ಬೋಧಿಸಿದ ನಮಗೆ ನಾಚಿಕೆಯಾಯಿತು.

ಮನಶ್ಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ನಮ್ಮ ತಮ್ಮನ ಮೊಮ್ಮಗಳೊಡನೆ ಇದನ್ನು ಹೇಳಿಕೊಂಡೆವು. ಮನಸ್ಸನ್ನರಿಯಲು ಹೋದವಳಿಗೆ ಸಂಖ್ಯಾಶಾಸ್ತ್ರದ ಲೆಕ್ಕ ಕಲಿಸುತ್ತಾರೆಂದು ಮೊದಮೊದಲು ಕಣ್ಣೀರಿಟ್ಟವಳು ಅವಳು. ಆ ಪಾಠ ಹೇಳುವ ಪ್ರಾಧ್ಯಾಪಕರ ಸಂಶೋಧನೆ ದೃಷ್ಟಿಯ ಬಗೆಗಂತೆ. ಅವಳೀಗ ನಕ್ಕು, "ಅಜ್ಜಾ, ನೀವು ಸುಳ್ಳು ಹೇಳಲಿಲ್ಲ. ನಿಮ್ಮ ಮನಸ್ಸು ಹೌದೆನ್ನಲು ಅವಸರಪಟ್ಟಿತು. ಅದನ್ನು ಲೆಕ್ಕದಿಂದ ಬೇರ್ಪಡಿಸಬಹುದು," ಎಂದಳು. ಅವಳಿಂದ ತಿಳಿದುದನ್ನೇ ಓದುಗ ಬಂಧುಗಳ ಮುಂದಿಡುತ್ತೇವೆ.

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಗುಸ್ತಾವ್ ಫೆಕ್ನರ್ (1801–1887) ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದರು. ದೃಷ್ಟಿಯ ಪ್ರಯೋಗಗಳಿಗಾಗಿ ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ದಿಟ್ಟಿಸಿ ಕಣ್ಣು ಕೆಡಿಸಿಕೊಂಡು, ಬೆಳಕನ್ನು ಸಹಿಸಲಾರದೆ ಕೆಲವು ವರ್ಷ ಕತ್ತಲಲ್ಲಿ ಕಳೆದವರು. ಚೇತರಿಸಿಕೊಂಡ ಅವರು ಇಂದ್ರಿಯಾನುಭವವನ್ನು ಅಳೆಯುವ ವಿಧಾನಗಳನ್ನು ಕುರಿತ ಮಹಾಗ್ರಂಥವನ್ನು 1860ರಲ್ಲಿ ಪ್ರಕಟಿಸಿದರು. ಅತಿ ಮಂದವಾದ ಬೆಳಕನ್ನು ಒಬ್ಬನೇ ಮನುಷ್ಯನು ಒಮ್ಮೆ ಕಂಡೆನೆನ್ನುತ್ತಾನೆ, ಮರುಕ್ಷಣ ಕಾಣಲಿಲ್ಲವೆನ್ನುತ್ತಾನೆ. ಆದುದರಿಂದ ಹಲವು ಸಲ ಕೇಳಿ ಎಣಿಸುವುದು ಅನಿವಾರ್ಯವಾಯಿತು. ಹೀಗೆ ಕಣ್ಣಿನ ಶಾಸ್ತ್ರದೊಳಗೆ ಸಂಖ್ಯಾಶಾಸ್ತ್ರವು ಪ್ರವೇಶಿಸಿತು.

ಆದರೆ ಒಂದು ಗಂಟು ಉಳಿದೇ ಇತ್ತು. ಹೆಚ್ಚು ಸಲ ಕಂಡೆನೆಂದವನ ಕಣ್ಣು ಚುರುಕೋ, ನಾಲಗೆ ಚುರುಕೋ? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿಲ್ಸನ್ ಟ್ಯಾನರ್ ಮತ್ತು ಜಾನ್ ಸ್ವೆಟ್ಸ್ 1954ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಗಂಟನ್ನು ಬಿಡಿಸಿದರು. ಗದ್ದಲದ ನಡುವೆ ಸಂಕೇತವನ್ನು ಗುರುತಿಸುವ ರೇಡಾರ್ ಶಾಸ್ತ್ರದ ಗಣಿತವನ್ನು ಅವರು ಮನುಷ್ಯನ ಕಣ್ಣಿಗೆ ಅನ್ವಯಿಸಿದರು.

ಉದಾಹರಣೆಗಾಗಿ, 200 ಸಲ ಪರೀಕ್ಷಿಸಿದೆವೆನ್ನೋಣ. 100 ಸಲ ಬೆಳಕು ಉಂಟು, 100 ಸಲ ಇಲ್ಲ. ಮೊದಲನೆಯವನು ಬೆಳಕಿದ್ದಾಗ 90 ಸಲ ಕಂಡೆನೆಂದನು. ಎರಡನೆಯವನು 70 ಸಲ ಮಾತ್ರ. ಇಷ್ಟನ್ನೇ ಕೇಳಿದರೆ ಮೊದಲನೆಯವನ ಕಣ್ಣೇ ಮೇಲು. ಆದರೆ ಬೆಳಕಿಲ್ಲದಾಗಲೂ ಮೊದಲನೆಯವನು 60 ಸಲ ಕಂಡೆನೆಂದಿದ್ದಾನೆ, ಎರಡನೆಯವನು ಕೇವಲ 10 ಸಲ. ಸರಿಯುತ್ತರಗಳ ಮೊತ್ತ ಮೊದಲನೆಯವನದು 130, ಎರಡನೆಯವನದು 160. ಸೂಕ್ಷ್ಮದೃಷ್ಟಿ ಎರಡನೆಯವನದೇ! ತಪ್ಪು ಹೌದುಗಳನ್ನು ಎಣಿಸದೆ ಸರಿಯಾದ ಹೌದುಗಳನ್ನು ತೂಗಲಾಗದು.

ಸರಿಯುತ್ತರಕ್ಕೆ ಕೊಡುವ ಬಹುಮಾನವನ್ನೂ ತಪ್ಪಿಗೆ ವಿಧಿಸುವ ದಂಡವನ್ನೂ ಬದಲಿಸಿದರೆ ಅದೇ ಮನುಷ್ಯನ ಹೌದುಗಳ ಸಂಖ್ಯೆ ಬದಲಾಗುತ್ತದೆ. ಕಣ್ಣಿನ ಸಾಮರ್ಥ್ಯ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆಸೆ ಅಂಜಿಕೆಗಳು ಕಣ್ಣಿಗಿಂತ ಮುಂಚೆ ನಾಲಗೆಯನ್ನು ಹಿಡಿಯುತ್ತವೆಂಬುದು ಇದರಿಂದ ಸಿದ್ಧವಾಯಿತು. ಮುಂದೆ ಸ್ವೆಟ್ಸ್ ಇದೇ ತತ್ತ್ವವನ್ನು ರೋಗನಿದಾನಕ್ಕೆ ಅನ್ವಯಿಸಿ, 1988ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಒಂದೇ ಎಕ್ಸ್-ರೇಯನ್ನು ಕಂಡು ಒಬ್ಬ ವೈದ್ಯರು ರೋಗವುಂಟೆಂದೂ ಮತ್ತೊಬ್ಬರು ಇಲ್ಲವೆಂದೂ ಹೇಳಿದಾಗ ಇಬ್ಬರಲ್ಲೊಬ್ಬರು ಅಯೋಗ್ಯರೆಂದು ತೀರ್ಮಾನಿಸುವುದು ಅವಸರವಾದೀತು. ಒಬ್ಬರಿಗೆ ರೋಗ ತಪ್ಪಿಹೋದೀತೆಂಬ ಭಯ, ಇನ್ನೊಬ್ಬರಿಗೆ ವೃಥಾ ಹೆದರಿಸಬಾರದೆಂಬ ಭಯ ಇದ್ದಿರಬಹುದು.

ಮರುವಾರ ನಾವು ಮತ್ತೆ ಆ ಯಂತ್ರದ ಮುಂದೆ ಕುಳಿತೆವು. ಕಂಡಾಗ ಮಾತ್ರ ಒತ್ತಿದೆವು. ಎಡಗಣ್ಣಿನ ಅಂಚಿನಲ್ಲಿ ನೋಟ ಕುಂದಿರುವುದು ಆಗ ಹೊರಬಿದ್ದಿತು; ಅಂದಿನಿಂದ ದಿನವೂ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದೇವೆ. ಕಳೆದ ನೋಟ ಮರಳದು, ಉಳಿದುದನ್ನು ಕಾಪಾಡಿಕೊಳ್ಳಬಹುದು. ನಮ್ಮ ಮೊದಲ ಹೌದುಗಳನ್ನು ಯಂತ್ರವು ನಂಬಿದ್ದರೆ ರೋಗವು ಅವುಗಳ ಮರೆಯಲ್ಲೇ ಬೆಳೆಯುತ್ತಿತ್ತು.

ಮನೆಯ ಹಿರಿಯರನ್ನು ಇಂತಹ ಪರೀಕ್ಷೆಗೆ ಕರೆದೊಯ್ಯುವ ಮಕ್ಕಳು, ಕಾಣದಿದ್ದರೆ ಒತ್ತಬೇಡಿರೆಂದು ಮೊದಲೇ ಧೈರ್ಯ ಹೇಳಬೇಕು. ಲೆಕ್ಕಕ್ಕೆ ಹೆದರಿ ಓದು ಬಿಡಬೇಕೆನ್ನುವ ಹೆಣ್ಣುಮಕ್ಕಳಿಗೂ ಅದೇ ಧೈರ್ಯವನ್ನು ಹೇಳಬೇಕು. ನಮ್ಮ ಒಂದು ಕಣ್ಣು ಉಳಿದಿರುವುದು ಅಂತಹ ಲೆಕ್ಕದಿಂದಲೇ.